ಲಿಫ್ಟು ನಿಂತ ಪುಟ

ಕನ್ನಡಕದಂಗಡಿಯವನ ಹೆಂಡತಿ ಒಂದು ಬೆಳಿಗ್ಗೆ ಬಟ್ಟೆ ಮಡಚುತ್ತಾ, ತಲೆ ಕೂಡ ಎತ್ತದೆ, "ಪುಟ್ಟಿ ಜೊತೆ ನಾನೂ ಹೋಗ್ತೀನಿ" ಅಂದಳು.

ಪುಟ್ಟಿ ಅಂದರೆ ಅವರ ಒಬ್ಬಳೇ ಮಗಳು. ಬೇರೆ ಊರಲ್ಲಿ, ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅಪ್ಪ ಕಣ್ಣಿಗೆ, ಮಗಳು ಹಲ್ಲಿಗೆ, ಇನ್ನು ಕಿವಿಗೊಬ್ಬರು ಹುಟ್ಟಿದ್ದರೆ ಊರವರ ಮುಖವೆಲ್ಲ ನಿಮ್ಮ ಮನೆಯವರ ಕೈಯಲ್ಲೇ ಇರುತ್ತಿತ್ತು ಅಂತ ಪಕ್ಕದಂಗಡಿಯ ಟೈಲರಮ್ಮ ನಗಾಡಿದ್ದಳು. ಮಗಳು ಹೋಗುವುದು ಗೊತ್ತಿದ್ದ ಸಂಗತಿ. ಅಮ್ಮನೂ ಹೋಗುವುದು ಹೊಸದು.

"ಎಷ್ಟು ದಿನಕ್ಕೆ?" ಅಂತ ಅವನು ಕೇಳಿದ.

"ನೋಡೋಣ."

ಈ 'ನೋಡೋಣ' ಅನ್ನುವ ಮಾತಿನ ಬೆಲೆ ಬೇರೆಯವರಿಗೆ ಗೊತ್ತಿಲ್ಲದಿರಬಹುದು, ಅಂಗಡಿ ಇಟ್ಟವನಿಗೆ ಗೊತ್ತು. ಹತ್ತು ಫ್ರೇಮು ಹಾಕಿ ತೆಗೆದು, ಕನ್ನಡಿಯ ಮುಂದೆ ಮೂಗನ್ನು ಆ ಕಡೆ ಈ ಕಡೆ ತಿರುಗಿಸಿ, ಕೊನೆಗೆ 'ನೋಡೋಣ' ಅಂದು ಮೆಟ್ಟಿಲಿಳಿದ ಗಿರಾಕಿ ಮತ್ತೆ ಆ ಮೆಟ್ಟಿಲು ಹತ್ತಿದ್ದನ್ನು ಅವನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಈಗ ಅದೇ ಮಾತು ಮನೆಯೊಳಗೆ, ಕಟ್ಟಿಕೊಂಡವಳ ಬಾಯಿಂದ.

ಜಗಳ ಆಗಿದ್ದರೆ ಒಂದು ದಾರಿ ಇರುತ್ತಿತ್ತು. ಜಗಳಕ್ಕೆ ಒಂದು ತಲೆ ಬಾಲ ಇರುತ್ತದೆ, ಕ್ಷಮಿಸು ಅಂದರೆ ಮುಗಿಯುತ್ತದೆ. ಈ ಗಂಡ ಹೆಂಡತಿಗೆ ಜಗಳ ಆಡಿ ಯಾವ ಕಾಲವಾಗಿತ್ತೋ. ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಿಗೆ ಬಿಡುವಿಲ್ಲ. ಮನೆಯ ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. 'ಊಟ ಆಯ್ತಾ', 'ಗ್ಯಾಸು ಮುಗೀತಾ', 'ಪುಟ್ಟಿ ಬಂದ್ಲಾ', ಈ ಮೂರು ಮಾತಿನಲ್ಲಿ ಸಂಸಾರ ಸಾಗುತ್ತಿತ್ತು. ಸಾಗುತ್ತಿದೆಯಲ್ಲ, ಮತ್ತೇನು ಬೇಕು ಅಂತ ಆ ಮಹಾನುಭಾವ ನಿಶ್ಚಿಂತೆಯಾಗಿದ್ದ.

ಮಾರನೆಯ ದಿನ ಅವಳ ಸೂಟ್‌ಕೇಸು ತೆರೆದಿತ್ತು. ಸೀರೆಗಳ ಮೇಲೆ ಉಣ್ಣೆಯ ಸ್ವೆಟರು, ಅದರ ಮೇಲೆ ಅವಳ ತಲೆದಿಂಬು. ಹೊರಗೆ ಬಿಸಿಲು ಸುಡುತ್ತಿದೆ, ಚಳಿಗೆ ಇನ್ನೂ ಅರ್ಧ ವರ್ಷ ಇದೆ. ಅದೂ ಹೋಗಲಿ, ನಾಲ್ಕು ದಿನಕ್ಕೆ ಹೋಗುವವರು ಯಾರಾದರೂ ತಲೆದಿಂಬು ಹೊತ್ತುಕೊಂಡು ಹೋಗುತ್ತಾರೆಯೇ? ಇವಳು ತಿರುಗಿ ಬರುವುದಿಲ್ಲ ಅಂತ ಅವನಿಗೆ ಆಗಲೇ ಅನ್ನಿಸಿತು. 'ಹೋಗು, ಆದರೆ ವಾಪಸ್ ಬಾ' ಅಂತ ಹೇಳಬೇಕು. ಹೇಳುವುದಕ್ಕೆ ಭಾನುವಾರದ ಬಸ್ಸಿನವರೆಗೆ ಸಮಯವಿದೆ. ಮಾತು ಇಷ್ಟೇ ಇಷ್ಟು; ಅದಕ್ಕೆ ನಾಲಗೆಯೇ ಹೊರಳಲಿಲ್ಲ. "ಸೂಟ್‌ಕೇಸಿನ ಬೀಗ ಸರಿಯಾಗಿದೆಯಾ?" ಅಂತ ಕೇಳಿ ಅಂಗಡಿಗೆ ಹೋದ.

ಅಂಗಡಿಯಲ್ಲಿ ಅವತ್ತೇ ಚಹಾ ಚೆಲ್ಲಿತು. ಗಾಜಿನ ಕೌಂಟರಿನ ಮೇಲೆ ಚೆಲ್ಲಿದ್ದರೆ ಒರೆಸಿದರೆ ಆಯಿತು. ಚೆಲ್ಲಿದ್ದು ಓದುವ ಕಾರ್ಡಿನ ಮೇಲೆ. ನಲವತ್ತು ದಾಟಿ ಹತ್ತಿರದ ಅಕ್ಷರ ಕಾಣದೆ ಬರುವವರಿಗೆ ಕೈಯಲ್ಲಿ ಹಿಡಿಸಿ ಓದಿಸುವ ಕಾರ್ಡು ಅದು. ಮೇಲೆ ದಪ್ಪಕ್ಷರ, ಕೆಳಗೆ ಹೋದ ಹಾಗೆ ಇರುವೆ ಸಾಲಿನಂಥ ಅಕ್ಷರ. ಶುದ್ಧ ಗಾಳಿಯಿಂದ ಆರೋಗ್ಯಕ್ಕೆ ಆಗುವ ಲಾಭವನ್ನು ಅದರಲ್ಲಿ ವಿವರಿಸಿದ್ದರು. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಗಿರಾಕಿಯೂ ಮುಂದೆ ಆ ಗಾಳಿಗೆ ಏನಾಯಿತು ಅಂತ ಕೇಳಿರಲಿಲ್ಲ. ಕಾರ್ಡು ಉಬ್ಬಿ ಹಪ್ಪಳವಾಯಿತು. ಹೊಸದಕ್ಕೆ ಹೇಳಿ ಕಳಿಸಿದರೆ ಬರಲು ಎರಡು ವಾರ ಅಂದರು.

ಅಷ್ಟರಲ್ಲಿ ರಿಟೈರಾದ ಹೆಡ್‌ಮಾಸ್ಟರು ಬಂದು ಸ್ಟೂಲಿನ ಮೇಲೆ ಕೂತರು. ಕೈಗೆ ಏನು ಕೊಡುವುದು? ಕೌಂಟರಿನ ಮೂಲೆಯಲ್ಲಿ ಪುಟ್ಟಿ ಮರೆತು ಹೋಗಿದ್ದ ಕಾದಂಬರಿ ಬಿದ್ದಿತ್ತು. ಗುಲಾಬಿ ಬಣ್ಣದ ರಟ್ಟು, ಅದರ ಮೇಲೆ ಎರಡು ಜೊತೆ ಬೂಟು, ಒಂದರ ಲೇಸು ಇನ್ನೊಂದರ ಲೇಸಿಗೆ ಗಂಟು. ಇಂಥವು ಅವಳ ಹತ್ತಿರ ಒಂದು ಪೆಟ್ಟಿಗೆ ತುಂಬ ಇದ್ದವು. ಒಬ್ಬ ಹುಡುಗ, ಒಬ್ಬಳು ಹುಡುಗಿ, ಮೊದಲು ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುವುದಿಲ್ಲ, ಆಮೇಲೆ ಆಗುತ್ತದೆ, ನಡುವೆ ಏನೋ ಒಂದು ಅಪಾರ್ಥ, ಕೊನೆಗೆ ಒಂದಾಗುತ್ತಾರೆ. "ಇಷ್ಟಕ್ಕೆ ಮುನ್ನೂರು ಪುಟ ಯಾಕೆ ಬೇಕೇ? ಒಂದು ಕಾರ್ಡಿನ ಮೇಲೆ ಬರೀಬಹುದು" ಅಂತ ಅವನು ಆಡಿಕೊಳ್ಳುತ್ತಿದ್ದ. "ನಿನ್ನ ಮದುವೆ ಕಥೆ ಆದ್ರೆ ಕಾರ್ಡೂ ಬೇಡಪ್ಪಾ, ಬಸ್ ಟಿಕೆಟ್ ಹಿಂದೆ ಹಿಡಿಯುತ್ತೆ" ಅಂತ ಮಗಳು ತಿರುಗಿಸಿ ಕೊಟ್ಟಿದ್ದಳು. ಹೆಂಡತಿ ಅವತ್ತು ಒಳಗಿನಿಂದ ನಕ್ಕಿದ್ದು ಅವನಿಗೆ ಕೇಳಿಸಿತ್ತು.

ಏನಾದರೇನು, ಅಕ್ಷರ ಸಣ್ಣದು, ಅಚ್ಚು ಚೆನ್ನಾಗಿದೆ, ಕೆಲಸಕ್ಕೆ ಬರುತ್ತದೆ. ಹೆಡ್‌ಮಾಸ್ಟರ ಮೂಗಿನ ಮೇಲೆ ಪರೀಕ್ಷೆಯ ಭಾರವಾದ ದುಂಡು ಫ್ರೇಮು ಕೂರಿಸಿ, ಅದರೊಳಗೆ ಒಂದು ಗಾಜು ಜಾರಿಸಿ, ಪುಸ್ತಕವನ್ನು ನಡುವೆ ಎಲ್ಲೋ ತೆರೆದು ಕೈಗಿಟ್ಟ.

"ಓದಿ ಸಾರ್, ಈ ಪ್ಯಾರಾ."

"'ಎಂಟನೆಯ ಮಹಡಿಗೂ ಒಂಬತ್ತನೆಯ ಮಹಡಿಗೂ ನಡುವೆ ಲಿಫ್ಟು ನಿಂತುಬಿಟ್ಟಿತು. ದೀಪ ಆರಿತು. ಇಡೀ ಕಟ್ಟಡದಲ್ಲಿ ಯಾರ ಮುಖ ನೋಡಬಾರದು ಅಂದುಕೊಂಡಿದ್ದಳೋ ಅವನೊಬ್ಬನೇ ಪಕ್ಕದಲ್ಲಿದ್ದ...'" ಹೆಡ್‌ಮಾಸ್ಟರು ಪಾಠ ಮಾಡುವ ಧ್ವನಿಯಲ್ಲಿ ಶುರುಮಾಡಿ, ಬರಬರುತ್ತಾ ಧ್ವನಿ ಇಳಿಸಿ, ಕೊನೆಗೆ ತುಟಿ ಮಾತ್ರ ಆಡಿಸತೊಡಗಿದರು.

"ಸಾಕು ಸಾರ್. ಈಗ ಸ್ಪಷ್ಟ ಇದೆಯಾ?"

"ಆಂ? ಇಲ್ಲ, ಇನ್ನೂ ಸ್ವಲ್ಪ ಮಸುಕು" ಅಂದರು ಹೆಡ್‌ಮಾಸ್ಟರು, ಪುಟ ತಿರುಗಿಸುತ್ತಾ.

ಮಸುಕು ಅಂದವರು ಪುಟ ಯಾಕೆ ತಿರುಗಿಸಿದರು ಅಂತ ಆ ಪುಣ್ಯಾತ್ಮನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವನ ತಲೆಯಲ್ಲಿ ತಲೆದಿಂಬು ಇತ್ತು. ಗಾಜು ತೆಗೆದು ಇನ್ನೂ ದಪ್ಪದ್ದು ಹಾಕಿದ. "ಈಗ?" "ಇರಿ, ಇರಿ." ಮತ್ತೊಂದು ಹಾಕಿದ. "ಈಗ?" "ಪರವಾಗಿಲ್ಲ, ಆದರೆ..." ಹೆಡ್‌ಮಾಸ್ಟರ ತಲೆ ಬಾಗುತ್ತಾ ಬಾಗುತ್ತಾ ಪುಸ್ತಕಕ್ಕೂ ಮೂಗಿಗೂ ನಡುವೆ ಒಂದು ಗೇಣು ಕೂಡ ಉಳಿಯಲಿಲ್ಲ. ಕೊನೆಗೆ ಅವನು ಪುಸ್ತಕವನ್ನೇ ಕಿತ್ತುಕೊಳ್ಳಬೇಕಾಯಿತು. "ಅವರು ಹೊರಗೆ ಬಂದ್ರೇನ್ರೀ?" ಅಂತ ಕೇಳಿದರು. "ಯಾರು ಸಾರ್?" ಅಂದ. ಹೆಡ್‌ಮಾಸ್ಟರು ಕೆಮ್ಮಿ ಎದ್ದು ಹೋದರು.

ಬಾಯಿಂದ ಬಾಯಿಗೆ ಸುದ್ದಿ ಹರಡಲು ಎಷ್ಟು ಹೊತ್ತು? ಮಾರನೆಯ ದಿನ ಟೈಲರಮ್ಮ ಬಂದಳು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಅಂದಳು. ಬೆಳಿಗ್ಗೆ ತಾನೇ ಅಂಗಡಿಯ ಮುಂದೆ ನಿಂತು, ದಾರಿಯಲ್ಲಿ ಹೋಗುವವರ ಜೊತೆ ಮಾತಾಡುತ್ತಾ, ಸೂಜಿಯ ಕಡೆ ನೋಡದೆ ದಾರ ಪೋಣಿಸಿದ್ದನ್ನು ಅವನು ಕಂಡಿದ್ದ. ಆದರೂ ಗಿರಾಕಿ ಗಿರಾಕಿಯೇ. ಸ್ಟೂಲಿನ ಮೇಲೆ ಕೂತವಳು ಪುಸ್ತಕ ಇಸಿದುಕೊಂಡು, "ಲಿಫ್ಟು ನಿಂತಿದೆಯಂತಲ್ಲ, ಅದು ಯಾವ ಪುಟ?" ಅಂತ ತಾನೇ ಹುಡುಕಿದಳು. ಅವಳೂ "ಇನ್ನೂ ಮಸುಕು, ಇನ್ನೂ ಮಸುಕು" ಅನ್ನುತ್ತಾ ಎರಡು ಅಧ್ಯಾಯ ಮುಗಿಸಿದಳು. ಮೂರನೆಯವರು ಬಸ್ಸಿನ ಕಂಡಕ್ಟರು. ನಾಲ್ಕನೆಯವರು ಕಂಡಕ್ಟರ ಅತ್ತಿಗೆ. ಈಯಮ್ಮ ಕೂರುವ ಮೊದಲೇ, "ಆ ಹುಡುಗನ ಹಳೇ ಗೆಳತಿ ವಾಪಸ್ ಬಂದಿದ್ದಾಳಂತೆ, ಹೌದಾ?" ಅಂತ ವಿಚಾರಿಸಿದಳು.

ವ್ಯಾಪಾರ ಜೋರಾಯಿತು. ಅವನು ದಿನವಿಡೀ ಗಾಜು ಬದಲಿಸಿದ, ಬದಲಿಸಿದ್ದನ್ನು ಬರೆದುಕೊಂಡ, ಕನ್ನಡಕ ಕಟ್ಟಿಕೊಟ್ಟ. ಊರಿಗೆ ಊರೇ ಒಂದೇ ವಾರದಲ್ಲಿ ಕುರುಡಾಗುತ್ತಿದೆಯೇನೋ ಅಂತ ಒಂದು ಸಲ ಅನ್ನಿಸಿತು. ಆದರೆ ತನ್ನ ಸಂಕಟವೇ ತನಗೆ ಹಾಸಿ ಹೊದೆಯುವಷ್ಟಿರುವಾಗ ಊರಿನ ಕಣ್ಣಿನ ಚಿಂತೆ ಯಾರಿಗೆ ಬೇಕು?

ಶುಕ್ರವಾರ ಕನ್ನಡಕಗಳು ತಿರುಗಿ ಬಂದವು. ಮೊದಲು ಬಂದ ಟೈಲರಮ್ಮ ತಲೆಗೆ ಬಟ್ಟೆ ಬಿಗಿದುಕೊಂಡಿದ್ದಳು.

"ಏನ್ ಕನ್ನಡಕ ಕೊಟ್ರಿ ನನಗೆ? ಹಾಕ್ಕೊಂಡ್ರೆ ತಲೆ ಸಿಡಿದು ಹೋಗುತ್ತೆ. ಬಟ್ಟೆ ನೋಡ್ಬೇಕು ಅಂದ್ರೆ ಮೂಗನ್ನ ಮೆಷಿನ್ ಒಳಗೆ ತೂರಿಸ್ಬೇಕು. ನಿನ್ನೆ ಒಬ್ಬರ ಶರ್ಟಿಗೆ ಮೂರು ತೋಳು ಹೊಲಿಯೋಳಿದ್ದೆ!"

ಹಿಂದೆಯೇ ಹೆಡ್‌ಮಾಸ್ಟರು. ಪೇಪರು ಓದಬೇಕಾದರೆ ಅದನ್ನು ಮುಖಕ್ಕೆ ಒರೆಸಿಕೊಳ್ಳಬೇಕಾಗಿದೆ ಅಂದರು. ಅವರ ಹಿಂದೆ ಬಂದ ಕಂಡಕ್ಟರು ಚಿಲ್ಲರೆ ಕೊಡುವಾಗ ಪ್ರಯಾಣಿಕರ ಕೈಗೆ ಮುತ್ತಿಡುವ ಹಾಗೆ ಬಗ್ಗುತ್ತಿದ್ದಾರಂತೆ. ಅಂಗಡಿಯವನಿಗೆ ಮುಖ ಎತ್ತಲು ಆಗಲಿಲ್ಲ. ಅವನು ಓದಿ ಡಾಕ್ಟರಾದವನಲ್ಲ, ಆದರೆ ಅವನ ಕೈಯಿಂದ ಹೋದ ಕನ್ನಡಕ ತಿರುಗಿ ಬರುವುದಿಲ್ಲ ಅನ್ನುವ ಒಂದು ಹೆಮ್ಮೆ ಇತ್ತು. ಆ ಹೆಮ್ಮೆ ಮಣ್ಣುಪಾಲಾಯಿತು. ಮೂವರನ್ನೂ ಕೂರಿಸಿ, ಗಾಜುಗಳ ಪೆಟ್ಟಿಗೆ ಕೆಳಗಿಳಿಸಿ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ಗಾಜಿನಲ್ಲಿ ತಪ್ಪಿಲ್ಲ. ಅವನು ಬರೆದುಕೊಂಡ ಹಾಗೇ ಇದೆ.

ಹೆಂಡತಿ ದಿನಾ ಮಧ್ಯಾಹ್ನ ಅಂಗಡಿಗೆ ಬಂದು ಒಂದು ಮೂಲೆಯಲ್ಲಿ ಕೂತು ಫ್ರೇಮು ಒರೆಸುತ್ತಿದ್ದಳು. ಅವತ್ತು ಗಿರಾಕಿಗಳು ಹೋದ ಮೇಲೆ ಬಟ್ಟೆ ಕೆಳಗಿಟ್ಟು ಹೇಳಿದಳು:

"ಅವರಿಗೆ ಕಾಣ್ತಿತ್ತು ರೀ."

"ಏನು ಕಾಣ್ತಿತ್ತು?"

"ಅಕ್ಷರ. ಮೊದಲನೇ ಗಾಜಿಗೇ ಕಾಣ್ತಿತ್ತು. ಮಸುಕು ಅಂದಿದ್ದು ಪುಸ್ತಕ ಬಿಡೋಕೆ ಮನಸ್ಸಿಲ್ಲದೆ. ಕಥೆ ಹಿಡೀತು ಅಂದ್ರೆ ಯಾರಾದ್ರೂ ತಲೆ ಬಗ್ಗಿಸ್ತಾರೆ, ಪುಸ್ತಕ ಹತ್ತಿರ ತಗೋತಾರೆ. ನೀವು ಆ ಹತ್ತಿರಕ್ಕೆ ಲೆಕ್ಕ ಹಾಕಿ ಗಾಜು ಕೊಟ್ರಿ."

ಅವನಿಗೆ ಹಳೆಯ ಕಾರ್ಡು ನೆನಪಾಯಿತು. ಶುದ್ಧ ಗಾಳಿಯ ಕಾರ್ಡು ಹಿಡಿದವರು ಯಾರೂ ತಲೆ ಬಗ್ಗಿಸುತ್ತಿರಲಿಲ್ಲ; ಕೈ ಮುಂದೆ ಚಾಚಿ, ಬಾಯಿಪಾಠ ಒಪ್ಪಿಸಿ, ಕಾರ್ಡು ವಾಪಸ್ ಕೊಡುತ್ತಿದ್ದರು. ದೂರ ಅಳೆಯುವ ಅಗತ್ಯವೇ ಇರಲಿಲ್ಲ.

"ನಿನಗೆ ಗೊತ್ತಿದ್ರೆ ಮೊದಲೇ ಯಾಕೆ ಹೇಳ್ಲಿಲ್ಲ?"

"ನಿಮಗೇ ಗೊತ್ತಾಗುತ್ತೆ ಅಂದ್ಕೊಂಡೆ. ಎದುರಿಗೇ ಕೂತಿರ್ತಾರೆ. ನೀವು ಗಾಜು ನೋಡ್ತೀರಿ, ಮುಖ ನೋಡಲ್ಲ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಆ ಮಾತು ಟೈಲರಮ್ಮನ ಬಗ್ಗೆ ಮಾತ್ರ ಆಡಿದ್ದಲ್ಲ ಅಂತ ಅವನಿಗೆ ಅರ್ಥವಾಯಿತು. ಅರ್ಥವಾದರೂ "ಹೂಂ" ಅಂದು ಗಾಜಿನ ಪೆಟ್ಟಿಗೆ ಮುಚ್ಚಿದ. ಇಂಥವನನ್ನು ಏನು ಮಾಡಬೇಕು ಹೇಳಿ!

ಶನಿವಾರ ತಿರುಗಿ ಬಂದ ಮೂರು ಕನ್ನಡಕಕ್ಕೂ ಹೊಸ ಗಾಜು ಹಾಕಿದ. ಪುಸ್ತಕಕ್ಕೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಗಿರಾಕಿಯ ಹಣೆಯ ಹತ್ತಿರ ಹಿಡಿದು ದೂರ ಅಳೆದ. ಹೆಡ್‌ಮಾಸ್ಟರು ಅವನು ದಾರ ಎಳೆದಾಗಲೆಲ್ಲ ತಲೆ ಎತ್ತಿ, ಮತ್ತೆ ಬಗ್ಗಿಸಿ, ಬೈಸಿಕೊಂಡು ಪರೀಕ್ಷೆ ಮುಗಿಸಿದರು.

"ಸಾರ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಅಂದ ಅವನು. "ನೀವು ದೊಡ್ಡ ದೊಡ್ಡ ಪುಸ್ತಕ ಓದಿದೋರು. ಈ ಹುಡುಗರ ಕಥೆಯಲ್ಲಿ ಅಂಥಾದ್ದೇನಿದೆ?"

ಹೆಡ್‌ಮಾಸ್ಟರು ಯೋಚನೆ ಮಾಡಿದರು. "ನೋಡಪ್ಪಾ, ನನಗೆ ಎಪ್ಪತ್ತು ಆಯ್ತು. ಇನ್ನು ಮೇಲೆ ನನಗೆ ಏನೇನಾಗುತ್ತೆ ಅಂತ ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಆ ಹುಡುಗಿಗೆ ಮಾತ್ರ ನಾಳೆ ಏನಾಗುತ್ತೋ ಗೊತ್ತಿಲ್ಲ. ಅವನು ಒಂದು ಸಲ ತಿರುಗಿ ನೋಡಿದ್ರೆ ಅವಳಿಗೆ ಅದೇ ಭೂಕಂಪ. ನನ್ನನ್ನ ಯಾರು ತಿರುಗಿ ನೋಡಿದ್ರೂ ಈಗ ಏನೂ ಆಗಲ್ಲ."

"ಏನಾಗುತ್ತೆ ಅಂತ ಗೊತ್ತಿಲ್ವಾ? ಕೊನೆಗೆ ಒಂದಾಗ್ತಾರೆ ಬಿಡಿ" ಅಂದಳು ತನ್ನ ಸರದಿಗೆ ಕಾಯುತ್ತಿದ್ದ ಟೈಲರಮ್ಮ. "ಅದು ಗೊತ್ತಿರೋದಕ್ಕೇ ನಾನು ಓದೋದು. ಎಷ್ಟು ಅಳಿಸಿದ್ರೂ ಕೊನೆಗೆ ಕೈ ಬಿಡಲ್ಲ ಅಂತ ನಂಬಿಕೆ. ನಮ್ಮ ಬಾಳಲ್ಲಿ ಅಂಥಾ ಗ್ಯಾರಂಟಿ ಯಾರು ಕೊಟ್ಟಿದ್ರು?"

ಇಬ್ಬರೂ ಹಠ ಹಿಡಿದು ವಾದಿಸಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಅದು ಬಗೆಹರಿಯುವಂತಿರಲಿಲ್ಲ. ಅವರನ್ನು ಸಾಗಹಾಕಿ ಅವನು ಊಟದ ಹೊತ್ತಿಗೆ ಅಂಗಡಿಯ ಶಟರನ್ನು ಅರ್ಧ ಕೆಳಗೆ ಎಳೆದುಕೊಂಡ. ಹೆಂಡತಿ ಅವತ್ತು ಬಂದಿರಲಿಲ್ಲ. ಮನೆಯಲ್ಲಿ ಕೊನೆಯ ಗಂಟು ಕಟ್ಟುತ್ತಿದ್ದಳು. ಅವನು ಬುತ್ತಿಯನ್ನು ಪಕ್ಕಕ್ಕಿಟ್ಟು, ಒಂದೇ ಒಂದು ಪುಟ ನೋಡೋಣ ಅಂತ ಗುಲಾಬಿ ರಟ್ಟು ತೆರೆದ.

ಲಿಫ್ಟು ಹೊರಡುವ ಹೊತ್ತಿಗೆ ಊಟ ಆರಿ ತಣ್ಣಗಾಗಿತ್ತು. ಅದು ಹೊರಟ ಮೇಲೂ ಅವನು ನಿಲ್ಲಿಸಲಿಲ್ಲ.

ಮೊದಮೊದಲು ಅವನಿಗೆ ನಗು ಬಂತು. ಆ ಹುಡುಗ ಹುಡುಗಿಗೆ ಬೇರೆ ಕೆಲಸವೇ ಇಲ್ಲ. ಅವಳು ಕೂದಲು ಕತ್ತರಿಸಿಕೊಂಡರೆ ಅವನು ಗಮನಿಸುತ್ತಾನೆ. ಅವನು ಎರಡು ದಿನ ಕಾಣದಿದ್ದರೆ ಅವಳು ಬಾಗಿಲು ತಟ್ಟಿ ಕೇಳುತ್ತಾಳೆ. ನಿನಗೆ ಯಾಕೆ ಕತ್ತಲೆಯೆಂದರೆ ಭಯ, ಚಿಕ್ಕವಳಿದ್ದಾಗ ಏನಾಯಿತು, ಈಗ ಏನು ಯೋಚನೆ ಮಾಡುತ್ತಿದ್ದೀಯ, ನಿನ್ನೆ ಯಾಕೆ ಮುಖ ಸಪ್ಪಗಿತ್ತು. ಕೇಳುತ್ತಾರೆ, ಹೇಳುತ್ತಾರೆ, ಹೇಳಿದ್ದನ್ನು ಇನ್ನೊಬ್ಬರು ಕೂತು ಕೇಳಿಸಿಕೊಳ್ಳುತ್ತಾರೆ. ಎಲ್ಲವೂ ಅವರಿಗೆ ಮೊದಲನೆಯ ಸಲ. ಯಾರಿಗೂ ಸುಸ್ತಾಗಿಲ್ಲ. ಓದುತ್ತಾ ಓದುತ್ತಾ ಅವನ ನಗು ನಿಂತುಹೋಯಿತು. ಇಪ್ಪತ್ತಾರು ವರ್ಷದಲ್ಲಿ ತಾನು ಹೆಂಡತಿಯನ್ನು ಇಂಥದ್ದು ಒಂದಾದರೂ ಕೇಳಿದ್ದೇನೆಯೇ ಅಂತ ನೆನಪು ಮಾಡಿಕೊಂಡ. ಎಷ್ಟು ಕೆದಕಿದರೂ ಸಿಕ್ಕಿದ್ದು 'ಗ್ಯಾಸು ಮುಗೀತಾ' ಒಂದೇ.

ಕೊನೆಯ ಹೊತ್ತಿಗೆ ಹುಡುಗಿಯ ಮನೆಯವರು ಬೇರೆ ಊರಿಗೆ ಹೊರಡುತ್ತಾರೆ. ಸಾಮಾನಿನ ಲಾರಿ ಕೆಳಗೆ ನಿಂತಿದೆ. ಆ ಹುಡುಗ ಮೆಟ್ಟಿಲುಗಳ ಮೇಲೆ ಓಡಿ ಬಂದು, ಏದುಸಿರು ಬಿಡುತ್ತಾ ಹೇಳುತ್ತಾನೆ: "ನೀನು ಹೋದ ಮೇಲೆ ಈ ಕಟ್ಟಡಕ್ಕೆ ಎಷ್ಟು ಮಹಡಿ ಇದ್ದರೇನು, ನನಗೆ ಯಾವುದರಲ್ಲೂ ಇಳಿಯಲು ಮನಸ್ಸಾಗುವುದಿಲ್ಲ."

ಐವತ್ನಾಲ್ಕು ವರ್ಷದ ಗಂಡಸು, ಗಾಜಿನ ಕಪಾಟುಗಳ ನಡುವೆ ಕೂತು, ಗೊಳೋ ಅಂತ ಅತ್ತುಬಿಟ್ಟ. ಅತ್ತು ಮುಗಿಸಿದ ಮೇಲೆ ಆ ಹುಡುಗನ ಮೇಲೆ ಕೆಟ್ಟ ಸಿಟ್ಟು ಬಂತು. ಮೀಸೆ ಸರಿಯಾಗಿ ಮೂಡಿಲ್ಲ ಇವನಿಗೆ, ಎಂಥಾ ಮಾತು! ನನಗೇನು ದೊಡ್ಡ ರೋಗ ಬಂದಿರೋದು, ಬಾಯಿ ಇಲ್ಲವಾ? ಹೊಳೆದದ್ದು ಆಗಲೇ. ಮಾತು ಸಿದ್ಧವಾಗಿ ಸಿಕ್ಕಿದೆ, ತಾನು ಹೇಳಿದರೆ ಆಯಿತು. ಕೌಂಟರಿನ ಮೇಲಿನ ಕನ್ನಡಿಯ ಮುಂದೆ ನಿಂತು ಉರುಹೊಡೆದ. ಮೂರನೆಯ ಸಲ ಹೇಳುವಾಗ ಅರ್ಧ ಎಳೆದ ಶಟರಿನ ಕೆಳಗೆ ಟೈಲರಮ್ಮನ ತಲೆ ಕಾಣಿಸಿತು.

"ಏನ್ರೀ, ಪಾಠ ಒಪ್ಪಿಸ್ತಿದೀರಾ?"

"ಗಂಟಲು ಸರಿಯಿಲ್ಲ" ಅಂದ.

ಸಂಜೆ ಮನೆಯಲ್ಲಿ ಹೇಳಲು ನೋಡಿದ. ಹೆಂಡತಿ ಅಡುಗೆಮನೆಯ ಕಪಾಟು ತೆರೆದು, ಯಾವ ಡಬ್ಬಿಯಲ್ಲಿ ಏನಿದೆ ಅಂತ ಅವನಿಗೆ ತೋರಿಸುತ್ತಿದ್ದಳು. ಸಕ್ಕರೆ ಇಲ್ಲಿ, ಉಪ್ಪು ಅಲ್ಲಿ, ಸೋಪಿನ ಪುಡಿ ಕೆಳಗೆ, ಎರಡನ್ನೂ ಕಲಸಬೇಡಿ. ಇಷ್ಟು ಅಚ್ಚುಕಟ್ಟಾಗಿ ಒಪ್ಪಿಸುವವರು ತಿರುಗಿ ಬರುವವರಲ್ಲ ಅಂತ ಅವನಿಗೆ ಖಾತ್ರಿಯಾಯಿತು. "ನೀನು ಹೋದ ಮೇಲೆ..." ಅಂತ ಶುರುಮಾಡಿದ.

"ಹಾಂ?"

"ನೀನು ಹೋದ ಮೇಲೆ... ಟವೆಲ್ಲು ತಗೊಂಡ್ಯಾ?"

"ತಗೊಂಡೆ" ಅಂದಳು ಅವಳು, ಕಪಾಟು ಮುಚ್ಚಿ.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಮಗಳು ಕೂಗಿದಳು. "ಅಪ್ಪಾ, ನನ್ನ ಪುಸ್ತಕ ಅಂಗಡೀಲಿದ್ಯಂತೆ? ಊರೆಲ್ಲ ಓದಿ ಆಯ್ತು ತಾನೇ? ನಾಳೆ ಬಸ್ಸಿಗೆ ಬರ್ತಾ ತಗೊಂಡ್ಬಾ." ಅವನು ಆಗಲಿ ಅಂದ. ಪುಸ್ತಕ ಅವನ ಚೀಲದಲ್ಲೇ ಇತ್ತು, ತೆಗೆದು ಕೊಡಲು ಕೈ ಬರಲಿಲ್ಲ. ಇನ್ನೊಂದು ಸಲ ಆ ಸಾಲು ನೋಡಿಕೊಳ್ಳಬೇಕಿತ್ತು.

ಭಾನುವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಮೂವರೂ ಸಿಮೆಂಟಿನ ಬೆಂಚಿನ ಮೇಲೆ ಕೂತರು. ಅವನು ಪುಸ್ತಕವನ್ನು ಮಗಳಿಗೆ ಕೊಟ್ಟ. ಅವಳು ಅದನ್ನು ಕೈಚೀಲಕ್ಕೆ ಹಾಕಿಕೊಂಡು, ಸಾಮಾನು ಸರಿಯಾಗಿ ಒಳಗಿಡುತ್ತಾರೋ ಇಲ್ಲವೋ ನೋಡಲು ಬಸ್ಸಿನ ಹಿಂದೆ ಹೋದಳು. ಈಗ ಹೇಳದಿದ್ದರೆ ಇಲ್ಲ. ಅವನು ಗಂಟಲು ಸರಿಮಾಡಿಕೊಂಡ. ಎದುರಿಗೆ ನಿಂತ ಬಸ್ಸಿನ ಚಕ್ರ ನೋಡುತ್ತಾ, ಒಂದೇ ಉಸಿರಿನಲ್ಲಿ, ಅಚ್ಚಾದ ಹಾಗೆಯೇ ಒಪ್ಪಿಸಿದ:

"ನೀನು ಹೋದ ಮೇಲೆ ಈ ಕಟ್ಟಡಕ್ಕೆ ಎಷ್ಟು ಮಹಡಿ ಇದ್ದರೇನು, ನನಗೆ ಯಾವುದರಲ್ಲೂ ಇಳಿಯಲು ಮನಸ್ಸಾಗುವುದಿಲ್ಲ."

ಹೆಂಡತಿ ತಿರುಗಿ ಅವನನ್ನು ನೋಡಿದಳು.

"ನಮ್ಮನೆಗೆ ಮಹಡಿ ಎಲ್ಲಿದೆ ರೀ?" ಅಂದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಬೆಂಚು ಅಲ್ಲಾಡುವ ಹಾಗೆ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಇನ್ನೂರ ಎಂಬತ್ತಮೂರನೇ ಪುಟ. ಲಾರಿ ಕೆಳಗೆ ನಿಂತಿರುತ್ತೆ. ಅವನು ಓಡಿ ಬರ್ತಾನೆ. ನೀವು ಓಡಿ ಬರೋದನ್ನೇ ಬಿಟ್ಟಿರಲ್ಲ!"

ಅವನಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. "ನೀನು ಅದನ್ನ ಓದಿದೀಯಾ?"

"ಪುಟ್ಟಿ ತಂದಿದ್ದನ್ನೆಲ್ಲ ಓದಿದೀನಿ. ಒಂದೊಂದನ್ನ ಎರಡೆರಡು ಸಲ. ಬೆಳಿಗ್ಗೆ, ನೀವಿಬ್ಬರೂ ಹೊರಟ ಮೇಲೆ." ನಗು ಇಳಿದು ಅವಳ ಮುಖ ಮತ್ತೆ ಮೊದಲಿನ ಹಾಗಾಯಿತು. "ಅದು ಆ ಹುಡುಗ ಹೇಳಿದ ಮಾತು. ಅವನಿಗೆ ಅನ್ನಿಸ್ತು, ಹೇಳಿದ. ನಿಮಗೇನಾದ್ರೂ ಅನ್ನಿಸ್ತಿದ್ರೆ ನೀವು ಹೇಳಿ. ಇಲ್ಲದಿದ್ರೆ ಬೇಡ, ಸುಮ್ನಿರಿ, ಅಭ್ಯಾಸ ಇದೆ ನನಗೆ."

ಬಸ್ಸಿನವನು ಒಂದು ಸಲ ಹಾರ್ನು ಹೊಡೆದ. ಹೇಳಲು ಅಚ್ಚಾದ ಸಾಲು ಇನ್ನೊಂದಿರಲಿಲ್ಲ.

"ನನಗೆ ಚೆನ್ನಾಗಿ ಹೇಳೋಕೆ ಬರಲ್ಲ" ಅಂದ. "ನೀನು ವಾಪಸ್ ಬರಲ್ಲ ಅಂತ ನನಗೆ ಅನ್ನಿಸ್ತಿದೆ. ಭಯ ಆಗ್ತಿದೆ. ವಾರದಿಂದ ನಿದ್ದೆ ಇಲ್ಲ. ಊರವರ ಕನ್ನಡಕ ಎಲ್ಲಾ ಹಾಳು ಮಾಡ್ದೆ. ನೀನು ಹೋಗು, ಬೇಡ ಅನ್ನಲ್ಲ. ಆದ್ರೆ ವಾಪಸ್ ಬಾ. ನೀನಿಲ್ಲದ ಮನೆಗೆ ಬೀಗ ತೆಗೆದು ಒಳಗೆ ಹೋಗೋದು ನನ್ನ ಕೈಲಾಗಲ್ಲ."

ಹೆಂಡತಿ ಬೆಂಚಿನ ಅಂಚನ್ನು ಹಿಡಿದುಕೊಂಡು ಕೂತಿದ್ದಳು. ಅವಳು ಸಮಾಧಾನಕ್ಕೆ ಒಂದು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಬರಬಾರದು ಅಂತಲೇ ಹೊರಟಿದ್ದೆ" ಅಂದಳು. "ನಾನಿದ್ದರೂ ಒಂದೇ ಇಲ್ಲದಿದ್ದರೂ ಒಂದೇ ನಿಮಗೆ, ಅಂದ್ಕೊಂಡಿದ್ದೆ. ಈಗ ಇದೆಲ್ಲ ಹೇಳ್ತಿದೀರಿ. ಏನು ಮಾಡ್ಬೇಕೋ ನನಗೆ ಗೊತ್ತಾಗ್ತಿಲ್ಲ."

"ಅಮ್ಮಾ, ಹತ್ತು, ಹೊರಡ್ತಾರೆ!" ಅಂತ ಮಗಳು ಬಸ್ಸಿನ ಬಾಗಿಲಿನಿಂದ ಕೂಗಿದಳು. ಹೆಂಡತಿ ಎದ್ದಳು. ಎರಡು ಹೆಜ್ಜೆ ಹೋದವಳು ನಿಂತು ತಿರುಗಿದಳು.

"ಫೋನ್ ಮಾಡಿ. ನಾನು ಮಾಡಲ್ಲ, ನೀವೇ ಮಾಡ್ಬೇಕು. ಮಾಡಿ ಊಟ ಆಯ್ತಾ ಅಂತ ಮಾತ್ರ ಕೇಳಬೇಡಿ."

"ಮತ್ತೇನು ಕೇಳಲಿ?"

"ಅದನ್ನೂ ನಾನೇ ಹೇಳಿಕೊಡ್ಬೇಕಾ?"

ಬಸ್ಸು ಹಿಂದಕ್ಕೆ ಸರಿದು, ತಿರುಗಿ, ನಿಲ್ದಾಣದ ಗೇಟು ದಾಟಿತು. ಅವನು ಅಲ್ಲೇ ನಿಂತಿದ್ದ. ಫೋನು ಅವಳು ಸಂಜೆಗೆ ಬರಲಿ ಅಂದಿದ್ದಳೋ ನಾಳೆಗೆ ಅಂದಿದ್ದಳೋ, ಅವನು ಅಷ್ಟು ಹೊತ್ತು ಕಾಯುವ ಸ್ಥಿತಿಯಲ್ಲಿರಲಿಲ್ಲ. ಬಸ್ಸು ರಸ್ತೆಯ ತಿರುವಿನಲ್ಲಿ ಮರೆಯಾಗುವ ಮೊದಲೇ ಜೇಬಿನಿಂದ ಫೋನು ತೆಗೆದ.

"ಏನು?" ಅಂದಳು ಅವಳು. "ಏನಾದ್ರೂ ಮರೆತ್ನಾ?"

"ಇಲ್ಲ. ವಾಪಸ್ ಬರಬಾರದು ಅಂತ ನೀನು ಯಾವಾಗ ಅಂದ್ಕೊಂಡೆ? ಅವತ್ತು ಏನಾಗಿತ್ತು?"

ಆ ಕಡೆ ಬಸ್ಸಿನ ಸದ್ದು ಕೇಳುತ್ತಿತ್ತು, ಮಗಳು 'ಯಾರಮ್ಮಾ' ಅಂದದ್ದು ಕೇಳಿಸಿತು. ಅವನು ಬೆಂಚಿನ ಮೇಲೆ ಕೂತು ಫೋನನ್ನು ಕಿವಿಗೆ ಒತ್ತಿ ಹಿಡಿದ.

"ನಿಮಗೆ ನೆನಪಿರಲ್ಲ" ಅಂತ ಕೊನೆಗೆ ಅವಳು ಶುರುಮಾಡಿದಳು. "ಪುಟ್ಟಿ ಆಗ ಎರಡನೇ ಕ್ಲಾಸು."